ನೂರು ನೀರಿನ ತುಪ್ಪ

ನನಗೆ ಬುದ್ಧಿ ಬರುವ ಮೊದಲೇ ನನ್ನ ಚರ್ಮಕ್ಕೆ ಅಭಿಪ್ರಾಯಗಳು ಬಂದಿದ್ದವು. ಬಿಸಿಲು ಅದಕ್ಕೆ ಒಪ್ಪಿಗೆಯಿರಲಿಲ್ಲ. ಧೂಳು ಒಪ್ಪಿಗೆಯಿರಲಿಲ್ಲ. ಕಂಬಳಿ, ಹೊಸ ಬಟ್ಟೆಯ ಗಂಜಿ, ಹಬ್ಬದ ದಿನದ ಅರಿಶಿನ, ಯಾವುದೂ ಒಪ್ಪಿಗೆಯಿರಲಿಲ್ಲ. ಬಳ್ಳಾರಿಯಲ್ಲಿ ಹುಟ್ಟಿ ಬಿಸಿಲನ್ನೂ ಧೂಳನ್ನೂ ಒಲ್ಲೆ ಎಂದರೆ ಬಾಕಿ ಉಳಿಯುವುದೇನು ಎಂದು ಅದು ಯೋಚಿಸಿದಂತೆ ಕಾಣಲಿಲ್ಲ. ಮೊಣಕೈಯ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ, ಕತ್ತಿನ ಸುತ್ತ ಅದು ತನ್ನ ತಕರಾರನ್ನು ಬರೆದಿಡುತ್ತಿತ್ತು. ಮೊದಲು ಕೆಂಪಗಾಗುವುದು, ಆಮೇಲೆ ತುರಿಕೆ, ತುರಿಸಿದ ಮೇಲೆ ಬಿರುಕು, ಬಿರುಕಿನಿಂದ ಸಣ್ಣಗೆ ನೀರು. ನನ್ನ ವಯಸ್ಸಿನ ಬೇರೆ ಹುಡುಗಿಯರು ಮಗ್ಗಿ ಕಲಿಯುತ್ತಿದ್ದಾಗ ನಾನು ಎಲ್ಲಿ ಕೈ ಹಾಕಬಾರದು, ಯಾವುದಕ್ಕೆ ಒರಗಬಾರದು, ಯಾವ ಅರಿವೆ ಉಡಬಾರದು ಎಂಬ ದೊಡ್ಡ ಶಾಸ್ತ್ರವೊಂದನ್ನು ಬಾಯಿಪಾಠ ಮಾಡುತ್ತಿದ್ದೆ. ಆ ಶಾಸ್ತ್ರದಲ್ಲಿ ಈಗಲೂ ನನಗೆ ಸಮನಾದವರನ್ನು ನಾನು ಕಂಡಿಲ್ಲ.

ನಮ್ಮ ಮನೆ ಕೋಟೆ ಗುಡ್ಡದ ಬುಡದ ಓಣಿಯಲ್ಲಿತ್ತು. ಆ ಗುಡ್ಡ ಬರೀ ಬಂಡೆ. ಹಗಲೆಲ್ಲ ಬಿಸಿಲು ಕುಡಿದು, ಸಂಜೆ ನಾವು ಅಂಗಳಕ್ಕೆ ಬಂದು ಕೂರುವ ಹೊತ್ತಿಗೆ ಕುಡಿದದ್ದನ್ನೆಲ್ಲ ನಮ್ಮ ಮೇಲೆ ಕಾರುತ್ತಿತ್ತು. ಮನೆಗೆ ಮಣ್ಣಿನ ಮಾಳಿಗೆ. ಪ್ರತಿ ಬೇಸಿಗೆಯಲ್ಲೂ ಮಾಳಿಗೆ ಬಿರಿಯುತ್ತಿತ್ತು. ಮಳೆಗಾಲಕ್ಕೆ ಮೊದಲು ಸವಳು ಮಣ್ಣು ತರಿಸಿ, ಕಲಸಿ, ಬಿರುಕಿಗೆಲ್ಲ ಮೆತ್ತಿಸುವುದು ಅಜ್ಜಿಯ ಉಸ್ತುವಾರಿ. ಮಧ್ಯಾಹ್ನವಾಯಿತೆಂದರೆ ಪಡಸಾಲೆಯ ಬಾಗಿಲು ಮುಚ್ಚಿ, ಕಿಟಕಿಗೆ ನೀರಿನಲ್ಲಿ ಅದ್ದಿದ ಗೋಣಿಚೀಲ ಇಳಿಬಿಡುತ್ತಿದ್ದರು. ಹೊರಗಿನ ಬೆಂಕಿಯಂಥ ಗಾಳಿ ಆ ಹಸಿ ಗೋಣಿಯ ಮೂಲಕ ಹಾದು ಬರುವಷ್ಟರಲ್ಲಿ ಒಳ್ಳೆಯ ನಡತೆ ಕಲಿತು ತಂಪಾಗಿರುತ್ತಿತ್ತು. ಮಾಳಿಗೆಯ ಬಿರುಕು, ಕಿಟಕಿಯ ಗೋಣಿ, ಈ ಎರಡನ್ನೂ ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತವೆ. ನಾನು ಒಂಬತ್ತು ವರ್ಷ ಅವುಗಳ ನೆರಳಲ್ಲೇ ಬದುಕಿಯೂ ಏನನ್ನೂ ಕಲಿತಿರಲಿಲ್ಲ.

ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯ ಸರಕಾರ ಅವಳದು. ಅಪ್ಪ ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಮನೆಯಲ್ಲೂ ಹೆಚ್ಚುಕಡಿಮೆ ಅದೇ ಹುದ್ದೆ. ಕುರುಗೋಡಿನಿಂದ ಸೊಸೆಯಾಗಿ ಬಂದಿದ್ದ ಅವ್ವನನ್ನು ಅಜ್ಜಿ ಹನ್ನೆರಡು ವರ್ಷವಾದರೂ ಹೆಸರು ಹಿಡಿದು ಕರೆದವಳಲ್ಲ, ‘ಕುರುಗೋಡಿನಾಕಿ’ ಎಂದೇ ಕರೆಯುತ್ತಿದ್ದಳು. ಅಜ್ಜಿಯ ಕೈಗಳ ಬಗ್ಗೆ ಇಲ್ಲಿಯೇ ಹೇಳಬೇಕು. ಐವತ್ತು ವರ್ಷ ಜೋಳದ ರೊಟ್ಟಿ ಬಡಿದ, ಬೂದಿಯಿಂದ ಪಾತ್ರೆ ತಿಕ್ಕಿದ ಕೈಗಳು ಅವು. ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಅವಳು ಬರಿಗೈಯಿಂದ ತಿರುವಿ ಹಾಕುತ್ತಿದ್ದಳು. ಒಲೆಯಿಂದ ಹೊರಗೆ ಬಿದ್ದ ಕೆಂಡವನ್ನು ಎರಡು ಬೆರಳಲ್ಲಿ ಎತ್ತಿ, ಅವಸರವಿಲ್ಲದೆ, ಮತ್ತೆ ಒಲೆಗೇ ಇಡುತ್ತಿದ್ದಳು. ನಾನು ಆ ಕೈಗಳನ್ನು ದೇವರ ಕೈಗಳೆಂದು ನಂಬಿದ್ದೆ. ವಾರಕ್ಕೆ ಎರಡು ದಿನ ಬಚ್ಚಲಲ್ಲಿ ಆ ದೇವರ ಪ್ರತ್ಯಕ್ಷ ದರ್ಶನವಾಗುತ್ತಿತ್ತು. ಹೊಗೆಯಾಡುವ ನೀರು, ಕಡಲೆಹಿಟ್ಟು, ಸೀಗೆಪುಡಿ, ಒಣಗಿದ ಹೀರೇಕಾಯಿಯ ನಾರು. ಸ್ನಾನ ಮುಗಿಯಿತು ಎನ್ನಲು ಅವಳಿಗೆ ಒಂದೇ ಗುರುತು: ಮೈ ಹೊಸ ಇಟ್ಟಿಗೆಯ ಬಣ್ಣಕ್ಕೆ ತಿರುಗಬೇಕು.

“ಅಜ್ಜಿ, ಉರೀತೈತಿ.”

“ಉರೀತೈತಿ ಅಂದ್ರ ಕೊಳಿ ಹೊಂಟೈತಿ ಅಂತ ತಿಳ್ಕೊ. ಕೊಳಿ ಹೋದ್ರ ತುರಿಕಿ ಹೋಗತೈತಿ.”

“ಹೋದ ಸಲಾನೂ ಹಂಗ ಅಂದಿ.”

“ಹೋದ ಸಲದ್ದು ಹೋದ ಸಲದ ಕೊಳಿ.”

ಈ ತರ್ಕಕ್ಕೆ ಉತ್ತರ ಕೊಟ್ಟದ್ದು ನನ್ನ ಚರ್ಮ. ಶಿವರಾತ್ರಿ ಕಳೆದು ಬಿಸಿಲು ಏರಿದ ವಾರ ಅದು ನನ್ನ ಎರಡೂ ಮೊಣಕೈಗಳಲ್ಲಿ ಒಟ್ಟಿಗೆ ಬಿರಿಯಿತು. ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯನ್ನು ಎಲ್ಲರೂ ಪಂತುಲಮ್ಮ ಎನ್ನುತ್ತಿದ್ದೆವು. ಕೆಟ್ಟವರಲ್ಲ. ನನ್ನ ಪಕ್ಕದ ಹುಡುಗಿಯ ತಾಯಿ ಬಂದು, ತನ್ನ ಮಗಳಿಗೆ ಹತ್ತಿದರೆ ಯಾರು ಹೊಣೆ ಎಂದು ಕೇಳಿದ ಮೇಲೆ, ಪಂತುಲಮ್ಮ ನನ್ನನ್ನು ಬಾಗಿಲ ತನಕ ತಾವೇ ಬಿಡಲು ಬಂದರು. ಮುಟ್ಟದೆ ಬಂದರು ಎಂಬುದಷ್ಟೇ ನನಗೆ ನೆನಪು.

“ಪಂಪಾವತಿ, ವಾಸಿ ಆದ ಮ್ಯಾಲೆ ಬಾ. ಪರೀಕ್ಷಾ ದಿನ ಬಂದು ಕೈ ತೋರಿಸು. ಚೊಲೋ ಇದ್ರ ಒಳಗ ಕೂಡ್ರಿಸ್ತೀನಿ.”

ಪರೀಕ್ಷೆಗೆ ಇಪ್ಪತ್ತೆರಡು ದಿನಗಳಿದ್ದವು. ಈ ಸುದ್ದಿಯನ್ನು ಅಜ್ಜಿ ನಿರೀಕ್ಷಿಸಿದ್ದ ಶುಭಸಮಾಚಾರವೆಂಬಂತೆ ಬರಮಾಡಿಕೊಂಡಳು. ಹುಡುಗಿ ನಾಲ್ಕನೆಯ ತರಗತಿಯ ತನಕ ಓದಿದ್ದೇ ಹೆಚ್ಚು ಎಂಬುದು ಅವಳ ಹಳೆಯ ವಾದ.

“ಓದಿ ಏನ್ ಕಲೆಕ್ಟರ್ ಆಗಾಕಿ ಅದಾಳೇನು? ಪರೀಕ್ಷಾಕ ಕೂತ್ರ ಐದನೇತ್ತಕ್ಕ ಹೋಗಲಿ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಕೂಡ್ರಲಿಲ್ಲಂದ್ರ ಮನಿಯಾಗ ಇರ್ಲಿ.”

“ನೋಡೋಣ” ಎಂದ ಅಪ್ಪ. ಅಪ್ಪನಿಗೆ ತಿಳಿದಿದ್ದ ತೀರ್ಪು ಅದೊಂದೇ. ಹೀಗೆ ನನ್ನ ವಿದ್ಯಾಭ್ಯಾಸದ ಭವಿಷ್ಯ ಎರಡು ಮೊಣಕೈಗಳ ಮೇಲೆ ನಿಂತಿತು.

ಅದೇ ಸಂಜೆ ಸಿರುಗುಪ್ಪದಿಂದ ನೀಲಮ್ಮತ್ತೆ ಬಂದಳು. ಅಪ್ಪನ ಅಕ್ಕ, ಅಜ್ಜಿಯ ಹಿರಿಯ ಮಗಳು. ಯುದ್ಧದ ಕಾಲವಾದ್ದರಿಂದ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಹೊಗೆಯಿಂದ ಓಡುತ್ತಿದ್ದವು. ಅತ್ತೆ ಇಳಿಯುವಾಗ ಅವಳ ಮುಖದ ಮೇಲೆ ಅರ್ಧ ದಾರಿಯ ಮಸಿಯಿತ್ತು, ತಲೆಯ ಮೇಲೆ ಕಾಲುವೆ ನೀರಿನಲ್ಲಿ ಬೆಳೆದ ಅಕ್ಕಿಯ ಗಂಟು. ಅವಳು ಗಂಟು ಇಳಿಸುವ ಮೊದಲೇ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಕೈ ಬಿರಿದ ಮೇಲೆ ಹೊರಗಿನಿಂದ ಬಂದವರಲ್ಲಿ ನನ್ನನ್ನು ಹಿಂದೆಮುಂದೆ ನೋಡದೆ ಮುಟ್ಟಿದವಳು ಅವಳೇ ಮೊದಲು.

“ಯಾರು ಉಜ್ಜೀದ್ದು ಇದನ್ನ?”

“ನಾನ. ಯಾಕ?” ಎಂದಳು ಅಜ್ಜಿ.

“ಬಂಡಿ ಗಾಲಿ ಅಂತ ತಿಳಿದೀಯೇನವ್ವಾ? ಕೂಸಿನ ಕೈ ಇದು.”

ಅಜ್ಜಿಯ ಮೋರೆ ಗಂಟಾಯಿತು. ಅತ್ತೆ ಅದನ್ನು ನೋಡಲೂ ಇಲ್ಲ. ಅವ್ವನ ಕಡೆ ತಿರುಗಿ, ಕುರುಗೋಡಿನ ತುಪ್ಪ ಎಷ್ಟಿದೆ ಎಂದು ಕೇಳಿದಳು. ಅವ್ವ ಅಡುಗೆಮನೆಯ ಮೂಲೆಯಿಂದ ಗಡಿಗೆ ತಂದಿಟ್ಟಳು. ಅದು ಅವ್ವನ ತವರಿನ ಹಸುವಿನ ತುಪ್ಪ, ಮನೆಯಲ್ಲಿ ಅವ್ವನದೆಂದು ಹೇಳಬಹುದಾದ ಒಂದೇ ಆಸ್ತಿ. ಆ ಹಸು ಈಗ ಬತ್ತಿತ್ತು. ಗಡಿಗೆಯಲ್ಲಿದ್ದಷ್ಟೇ ತುಪ್ಪ.

“ಸಾಕು. ನಾಳಿ ಬೆಳಿಗ್ಗೆ ತೊಳೆಯೋಣು.”

“ಏನನ್ನ?” ಅಜ್ಜಿ ಕೇಳಿದಳು.

“ತುಪ್ಪಾನ. ನೀರು ಹಾಕಿ ನೂರು ಸಲ ತೊಳೀಬೇಕು.”

“ತುಪ್ಪ ಅಂದ್ರ ಏನ್ ಅರಿವಿ ಅಂತ ಮಾಡೀಯೇನು, ಒಗ್ಯಾಕ? ಸಕ್ಕರಿಗೆ ಚೀಟಿ, ಸೀಮಿಎಣ್ಣಿಗೆ ಚೀಟಿ, ಇಂಥಾ ಕಾಲದಾಗ ತುಪ್ಪಕ್ಕ ನೀರು ಹುಯ್ತಾಳಂತ.”

“ನಮ್ಮ ಅತ್ತಿ ಕಲಿಸಿದ್ದು. ನಾ ಕೈಮ್ಯಾಲೆ ಗಂಜಿ ಚೆಲ್ಲಿಕೊಂಡಾಗ ಇದನ್ನ ಹಚ್ಚಿ ಉಳಿಸಿದ್ಲು.”

“ತೊಂಬತ್ತೊಂಬತ್ತು ಸಲ ತೊಳದ್ರ ಏನಾಕೈತಿ?”

“ತೊಂಬತ್ತೊಂಬತ್ತು ಸಲ ತೊಳದ ತುಪ್ಪ ಆಕೈತಿ.”

ಇಂಥ ಪಾಪವನ್ನು ತಾನು ಕಣ್ಣಿಂದ ನೋಡುವುದಿಲ್ಲವೆಂದು ಅಜ್ಜಿ ಘೋಷಿಸಿದಳು. ಅವಳು ಆಡಿದ ಮಾತು ತಪ್ಪುವವಳಲ್ಲ. ಮರುದಿನದಿಂದ ಅತ್ತೆ ಹೊರಡುವವರೆಗೂ ಆ ಕೆಲಸ ನಡೆಯುವಾಗಲೆಲ್ಲ ಪಡಸಾಲೆಯ ಕಂಬಕ್ಕೆ ಮುಖಮಾಡಿ ಕೂತಳು. ಕಂಬಕ್ಕೆ ಆ ಸಂಗತಿಯ ಬಗ್ಗೆ ಎಷ್ಟೋ ಮಾತು ಹೇಳಿದಳು.

ಬೆಳಗಿನ ಜಾವ, ಮರಳಿನ ಮೇಲೆ ಕೂರಿಸಿದ ಮಣ್ಣಿನ ಹರವಿಯಲ್ಲಿ ನೀರು ಅತಿ ತಣ್ಣಗಿರುವ ಹೊತ್ತಿನಲ್ಲೇ ಶುರು ಮಾಡಬೇಕು. ಹೊತ್ತೇರಿದರೆ ನಮ್ಮೂರಲ್ಲಿ ತುಪ್ಪ ನಿಲ್ಲದೆ ಎಣ್ಣೆಯಾಗುತ್ತದೆ. ಅತ್ತೆ ತಾಮ್ರದ ಹರಿವಾಣವನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಅದರಲ್ಲಿ ಎರಡು ಹಿಡಿ ತುಪ್ಪ ಹಾಕಿ, ಒಂದು ಬಟ್ಟಲು ನೀರು ಹುಯ್ದು, ಅಂಗೈಯಿಂದ ಸುತ್ತು ಸುತ್ತು ತೀಡಿದಳು. ಮೇಲೆ ಉಳಿದ ನೀರನ್ನು ಬಸಿದಳು. ಹೊಸ ನೀರು, ಮತ್ತೆ ತೀಡು, ಮತ್ತೆ ಬಸಿ. ನನ್ನ ಮುಂದೆ ನೂರು ಹುಣಸೆಬೀಜ ತುಂಬಿದ ಒಂದು ಬಟ್ಟಲು, ಪಕ್ಕದಲ್ಲೊಂದು ಖಾಲಿ ಬಟ್ಟಲು. ಒಂದು ನೀರಿಗೆ ಒಂದು ಬೀಜ ಈ ಕಡೆಯಿಂದ ಆ ಕಡೆಗೆ. ಎಣಿಕೆ ಮುಗಿಯುವ ತನಕ ಬೇರೆ ಮಾತಿಲ್ಲ, ಅದು ಅತ್ತೆಯ ಮನೆಯ ಕಟ್ಟಳೆ. ಮೊದಲ ಹತ್ತು ನೀರಿನಲ್ಲಿ ಏನೂ ಆಗಲಿಲ್ಲ. ತುಪ್ಪ ಹಳದಿ ಹರಳುಗಳಾಗಿ ಅವಳ ಬೆರಳಿಂದ ಜಾರಿ ಓಡುತ್ತಿತ್ತು. ನೀರಿಗೂ ಅದಕ್ಕೂ ಹಳೆಯ ವೈರ. ಅಜ್ಜಿ ಹೇಳಿದ್ದೇ ಸರಿ ಎಂದು ನನಗೆ ಅನಿಸಿತು. ಮೂವತ್ತರ ಹೊತ್ತಿಗೆ ಹಳದಿ ಮಂಕಾಯಿತು. ಐವತ್ತಕ್ಕೆ ತುಪ್ಪದ ವಾಸನೆ ಹೋಯಿತು. ನಾನು ಮೂಗು ಹತ್ತಿರ ಒಯ್ದು ನೋಡಿದೆ, ತಣ್ಣನೆಯ ತಾಮ್ರದ ವಾಸನೆ ಬಿಟ್ಟರೆ ಏನೂ ಇಲ್ಲ. ಎಪ್ಪತ್ತಕ್ಕೆ ಅದು ಉಬ್ಬತೊಡಗಿತು. ಇನ್ನು ಅತ್ತೆ ಹುಯ್ದ ನೀರೆಲ್ಲ ಬಸಿಯುವಾಗ ವಾಪಸು ಬರುತ್ತಿರಲಿಲ್ಲ. ಎಲ್ಲಿ ಹೋಗುತ್ತಿತ್ತೋ ನನಗೆ ಕಾಣಲಿಲ್ಲ. ನೂರನೆಯ ಬೀಜ ದಾಟಿದಾಗ ಹರಿವಾಣದಲ್ಲಿದ್ದದ್ದು ತುಪ್ಪವಲ್ಲ. ವಿಭೂತಿಯಷ್ಟು ಬಿಳುಪು, ಮೋಡದಷ್ಟು ಹಗುರ, ಹಾಕಿದ್ದಕ್ಕಿಂತ ಹೆಚ್ಚಾಗಿ ಉಬ್ಬಿ ಕೂತಿದ್ದ ಒಂದು ವಸ್ತು. ಮನೆಯಲ್ಲಿ ಪ್ರತಿದಿನ ಪೂಜೆ ನಡೆಯುತ್ತಿತ್ತು, ಮಠದ ಅಯ್ಯನವರು ಬಂದು ಹೋಗುತ್ತಿದ್ದರು, ಆದರೆ ಒಂದು ವಸ್ತು ಕಣ್ಣೆದುರಿಗೇ ಮತ್ತೊಂದಾದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಉಸಿರು ಬಿಟ್ಟರೆ ಹಾರಿಹೋದೀತೆಂದು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಹಚ್ಚುವುದಕ್ಕೂ ಕಟ್ಟಳೆಗಳಿದ್ದವು. ಬಿಸಿನೀರು ಇಲ್ಲ, ನಾರು ಇಲ್ಲ, ಹಿಟ್ಟು ಇಲ್ಲ. ತಣ್ಣೀರು ಹುಯ್ದು, ಒರೆಸದೆ, ಬಟ್ಟೆ ಒತ್ತಿ ತೆಗೆದು, ಮೈ ಇನ್ನೂ ಹಸಿಯಿರುವಾಗಲೇ ಸವರಬೇಕು. ತಿಕ್ಕಕೂಡದು. ಅತ್ತೆಯ ಬೆರಳು ನನ್ನ ಮೊಣಕೈಯ ಮೇಲೆ ಬಂದದ್ದು ಗೊತ್ತಾಯಿತು, ಹೋದದ್ದು ಗೊತ್ತಾಗಲಿಲ್ಲ. ಆಮೇಲೆ ಆದದ್ದನ್ನು ಹೇಗೆ ಹೇಳಲಿ? ನಡುಮಧ್ಯಾಹ್ನ ಬೀದಿಯಿಂದ ಬಂದು ಪಡಸಾಲೆಯೊಳಗೆ ಕಾಲಿಟ್ಟಾಗ ಹಿಂದಿನಿಂದ ಯಾರೋ ಬಾಗಿಲು ಮುಚ್ಚಿದರೆ ಹೇಗಿರುತ್ತದೋ ಹಾಗಾಯಿತು. ಇಡೀ ವರ್ಷ ನನ್ನ ಕೈಯಲ್ಲಿ ಗದ್ದಲ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಕೂತಲ್ಲೇ ನಿದ್ದೆ ಹೋದೆನಂತೆ.

ಅತ್ತೆ ಎಂಟು ದಿನ ಇದ್ದಳು. ಅಷ್ಟರಲ್ಲಿ ಬಿರುಕುಗಳು ಕೂಡಿ, ಕೆಂಪು ಮಾತ್ರ ಉಳಿದಿತ್ತು. ಊರಿಗೆ ಹೋಗುವ ಮೊದಲು ಗಡಿಗೆಯ ತಳದಲ್ಲಿದ್ದ ತುಪ್ಪವನ್ನೆಲ್ಲ ತೊಳೆದು, ಮಣ್ಣಿನ ಪರಾತದಲ್ಲಿ ನೀರಿನೊಳಗೆ ಮುಳುಗಿಸಿ, ಹರವಿಯ ಪಕ್ಕದ ಗೂಡಿನಲ್ಲಿ ತಂಪಿಗೆ ಇಟ್ಟಳು. ಪರೀಕ್ಷೆಯ ತನಕ ಇಷ್ಟು ಸಾಕು, ಆದರೆ ಇಷ್ಟೇ, ಎಂದು ಅವ್ವನಿಗೆ ಹೇಳಿದಳು. ಅವಳು ಹೋದ ಮೂರು ದಿನಕ್ಕೆ ಅವ್ವನ ತವರಲ್ಲಿ ತೊಟ್ಟಿಲ ಕಾರ್ಯ ಬಂತು. ಅವ್ವ ಅಜ್ಜಿಗೆ ‘ಬಿಸಿನೀರು ಬ್ಯಾಡ್ರಿ, ನಾರು ಬ್ಯಾಡ್ರಿ’ ಎಂದು ಮೂರು ಸಲ ಹೇಳಿ, ನಾಲ್ಕು ದಿನಕ್ಕೆಂದು ಕುರುಗೋಡಿಗೆ ಹೋದಳು. ಗೂಡಿನ ಪರಾತದ ಮಾತನ್ನು ಹೇಳಲಿಲ್ಲ. ಕಂಬ ನೋಡುತ್ತ ಕೂತವಳಿಗೆ ಅದು ಗೊತ್ತಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ.

ಸೋಮವಾರ ಹಲಕುಂದಿ ಕಡೆಯಿಂದ ಅಯ್ಯನವರು ಊಟಕ್ಕೆ ಬರುವವರಿದ್ದರು. ಹೋಳಿಗೆಯ ಊಟ. ಹೋಳಿಗೆಗೆ ತುಪ್ಪ ಬೇಕು, ಮನೆಯಲ್ಲಿ ತುಪ್ಪವಿಲ್ಲ. ಅಜ್ಜಿ ಮಜ್ಜಿಗೆ ಮಾರುವವಳಿಗೆ ಬೆಣ್ಣೆ ತಂದಿಡಲು ಹೇಳಿದ್ದಳು. ಗೂಡಿಗೆ ಕೈ ಹಾಕಿದಳು. ನೀರಿನಲ್ಲಿ ಮುಳುಗಿದ ಬೆಳ್ಳನೆಯ ಮುದ್ದೆ ಸಿಕ್ಕಿತು. ನಮ್ಮ ಕಡೆ ಬೆಣ್ಣೆಯನ್ನು ಯಾರ ಮನೆಯಲ್ಲಾದರೂ ಇಡುವುದೇ ಹಾಗೆ. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಮೂಗಿಗೆ ಏನೂ ಬಂದಿರಲಿಲ್ಲ. ಅದನ್ನು ಮೂಸಿ, ನನಗೆ ಕೇಳುವಂತೆ ಹೊಗಳಿದಳು.

“ಎಷ್ಟು ಚೊಲೋ ಬೆಣ್ಣಿ ತಂದಿಟ್ಟಾಳ. ಹುಳಿ ವಾಸನಿ ಸೈತ ಇಲ್ಲ.”

ನಾನು ಅಂಗಳದಲ್ಲಿದ್ದೆ. ಮಾತು ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ. ಒಳಗಿನಿಂದ ಸಿಡಿಯುವ ಸದ್ದು ಬಂದಾಗ ಓಡಿದೆ. ಒಲೆಯ ಮೇಲಿನ ಬೋಗುಣಿ ಬೈಯುತ್ತಿತ್ತು. ಚಟಚಟ ಎಂದು ಹನಿಗಳು ಗೋಡೆಗೆ, ನೆಲಕ್ಕೆ, ಅಜ್ಜಿಯ ಸೀರೆಗೆ ಹಾರುತ್ತಿದ್ದವು. ಎಂಥ ಬೆಣ್ಣೆಯೂ ಅಷ್ಟು ಸಿಟ್ಟಾದದ್ದನ್ನು ಅಜ್ಜಿ ಕಂಡಿರಲಿಲ್ಲ. ಅವಳು ಬರಿಗೈಯಿಂದಲೇ ಬೋಗುಣಿಯನ್ನು ಇಳಿಸಿ, ಮಾಳಿಗೆಯ ಬೆಳಕಿಂಡಿಯ ಕೆಳಗೆ ಇಟ್ಟು ಓರೆ ಮಾಡಿದಳು. ಬಿಸಿಲಿನ ಕೋಲು ಅದರೊಳಗೆ ಇಳಿಯಿತು. ಮೇಲೆ ಬಂಗಾರದಂಥ ತುಪ್ಪ. ಅದರ ಅಡಿಯಲ್ಲಿ, ಗಾಜಿನಷ್ಟು ತಿಳಿಯಾಗಿ, ನೀರು. ಕಾಯಿಸಿದ ಬೆಣ್ಣೆಯ ತಳದಲ್ಲಿ ಉಳಿಯಬೇಕಾದ ಚರಟ ಒಂದು ಚೂರೂ ಇರಲಿಲ್ಲ.

“ಅಜ್ಜಿ, ಅದು ಬೆಣ್ಣಿ ಅಲ್ಲ. ನನ್ನ ತುಪ್ಪ.”

ಅಜ್ಜಿ ಬೋಗುಣಿಯನ್ನು ಈ ಕಡೆ ಓರೆ ಮಾಡಿದಳು, ಆ ಕಡೆ ಓರೆ ಮಾಡಿದಳು. ನೀರು ತುಪ್ಪದ ಕೆಳಗೆ ಅತ್ತಿತ್ತ ಓಡಾಡಿತು.

“ಇಷ್ಟು ನೀರು,” ಎಂದಳು ಕಡೆಗೆ, ಸಣ್ಣ ದನಿಯಲ್ಲಿ. “ಇಷ್ಟು ದಿನ ಇಷ್ಟು ನೀರು ಹಿಡಕೊಂಡು ಕುಂತಿತ್ತಲ್ಲ ಇದು.”

ಅತ್ತೆಯ ಹರಿವಾಣದಲ್ಲಿ ಕಾಣೆಯಾದ ನೀರು ಎಲ್ಲಿತ್ತೆಂದು ನನಗೆ ಆಗ ತಿಳಿಯಿತು. ಬಹಳ ವರ್ಷಗಳ ಮೇಲೆ ಒಬ್ಬ ಚರ್ಮದ ಡಾಕ್ಟರು ನನಗೆ ಇದನ್ನು ಬಿಡಿಸಿ ಹೇಳಿದರು. ಹೇಳುತ್ತಿದ್ದಂತೆ ನನಗೆ ಕಂಡದ್ದು ಮಾತ್ರ ನಮ್ಮ ಮನೆಯೇ. ಸೂಕ್ಷ್ಮ ಚರ್ಮವೆಂದರೆ ಬಿರಿದ ಮಾಳಿಗೆ. ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಧೂಳು ಒಳಗೆ ಬರುತ್ತದೆ, ಮನೆಯವರು ಗಾಬರಿಯಾಗಿ ಕೂಗಾಡುತ್ತಾರೆ. ಆ ಕೂಗಾಟವೇ ತುರಿಕೆ. ಅಂಥ ಮಾಳಿಗೆಯನ್ನು ಬಿಸಿನೀರು ಹುಯ್ದು ನಾರಿನಿಂದ ತಿಕ್ಕಿದರೆ ಬಿರುಕು ದೊಡ್ಡದಾಗುತ್ತದೆಯೇ ಹೊರತು ಮುಚ್ಚುವುದಿಲ್ಲ. ತುಪ್ಪವನ್ನು ತೊಳೆದಷ್ಟೂ ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ತುಪ್ಪದ ಹುಳಿಯೂ ವಾಸನೆಯೂ ಬಸಿದ ನೀರಿನೊಂದಿಗೆ ಹೋಗುತ್ತವೆ. ಸಿಟ್ಟಿನ ಚರ್ಮಕ್ಕೆ ತಕರಾರು ತೆಗೆಯಲು ಏನೂ ಸಿಗುವುದಿಲ್ಲ. ಮೈಗೆ ಸವರಿದಾಗ ಆ ಹನಿಗಳು ನಿಧಾನವಾಗಿ ಆರುತ್ತ ತಂಪು ಕೊಡುತ್ತವೆ. ಅದು ಕಿಟಕಿಯ ಹಸಿ ಗೋಣಿಯ ಕೆಲಸ. ಉಳಿದ ತುಪ್ಪ ಬಿರುಕಿನ ಮೇಲೆ ತೆಳ್ಳಗೆ ನಿಂತು ಒಳಗಿನ ನೀರನ್ನು ಒಳಗೇ ಇಡುತ್ತದೆ. ಅದು ಸವಳು ಮಣ್ಣಿನ ಕೆಲಸ. ವಾಸಿ ಮಾಡುವುದು ಚರ್ಮವೇ. ತುಪ್ಪ ಅದಕ್ಕೆ ಬಿಡುವು ಕೊಡುತ್ತದೆ, ಅಷ್ಟೆ. ಡಾಕ್ಟರು ಅಷ್ಟೆ ಎಂದರು. ಆ ‘ಅಷ್ಟೆ’ಯನ್ನು ಕೇಳಿ ನನ್ನ ಮೈ ಜುಮ್ಮೆಂದಿತು.

ಆ ಸೋಮವಾರ ನನಗೆ ಗೊತ್ತಿದ್ದದ್ದು ಇಷ್ಟೇ: ಪರೀಕ್ಷೆಗೆ ಹತ್ತು ದಿನವಿತ್ತು, ನನ್ನ ತುಪ್ಪ ಬೋಗುಣಿಯಲ್ಲಿ ಕರಗಿ ಕೂತಿತ್ತು, ಹೊರಗೆ ಅಯ್ಯನವರ ಕೋಲಿನ ಸದ್ದು ಕೇಳುತ್ತಿತ್ತು. ಅಜ್ಜಿ ಮೇಲಿನ ತುಪ್ಪವನ್ನು ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡಳು. ಎಲೆಗೆ ಬಡಿಸಲೇಬೇಕಾದಷ್ಟು ಚೊಕ್ಕ ತುಪ್ಪ. ಬಡಿಸಿದ್ದರೆ ಅಯ್ಯನವರಿಗೂ ಗೊತ್ತಾಗುತ್ತಿರಲಿಲ್ಲ, ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಶಾಲೆಯ ಚಿಂತೆಯೂ ಅವಳಿಗೆ ಬೇಕಾದ ರೀತಿಯಲ್ಲೇ ತೀರುತ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತು ಬಟ್ಟಲನ್ನೇ ನೋಡುತ್ತಿದ್ದೆ. ಎಲೆಗೆ ಹೋಳಿಗೆ ಬಂತು. ಅಯ್ಯನವರು ಒಂದು ಕ್ಷಣ ಕಾದರು.

“ತುಪ್ಪ ಇಲ್ಲೇನು ತಾಯಿ?”

“ಐತ್ರಿ. ಕೊಡಂಗಿಲ್ಲ.”

ಅಪ್ಪನ ತುತ್ತು ಹಿಡಿದ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ನಮ್ಮ ಮನೆಯ ಇತಿಹಾಸದಲ್ಲಿ ಅಯ್ಯನವರ ಎಲೆಯ ಮುಂದೆ ಅಂಥ ಮಾತು ಯಾರೂ ಆಡಿರಲಿಲ್ಲ.

“ಯಾರಿಗೆ ಇಟ್ಟೀರಿ?” ಅಯ್ಯನವರು ಶಾಂತವಾಗಿ ಕೇಳಿದರು.

“ಹುಡುಗಿ ಕೈಗೆ ಹಚ್ಚಾಕ್ರಿ. ನಂದು ತಪ್ಪಾಗೇತಿ. ಅದು ಮತ್ತ ನೂರು ನೀರು ಕುಡೀಬೇಕು.”

“ಹಂಗಾರ ಹಾಲು ಹಾಕ್ರಿ,” ಎಂದರು ಅಯ್ಯನವರು. ಹಾಲಿನಲ್ಲಿ ಮೂರು ಹೋಳಿಗೆ ಉಂಡರು.

ಮರುದಿನ ಬೆಳಗಿನ ಜಾವ ಅಜ್ಜಿ ನನ್ನನ್ನು ಎಬ್ಬಿಸಿದಳು. ಹರಿವಾಣ, ಹರವಿಯ ನೀರು, ಹುಣಸೆಬೀಜದ ಬಟ್ಟಲು ಸಿದ್ಧವಾಗಿದ್ದವು. ಕಂಬಕ್ಕೆ ಬೆನ್ನು ಹಾಕಿ ಅವಳು ಕೂತಳು. ಮೊದಲ ನೀರು ಬಿದ್ದೊಡನೆ ತುಪ್ಪ ಹೆಪ್ಪುಗಟ್ಟಿತು. ಅಜ್ಜಿಯ ಕೈಗೆ ಗೊತ್ತಿದ್ದದ್ದು ತಿಕ್ಕುವುದೊಂದೇ. ಇಪ್ಪತ್ತು ನೀರಿನ ತನಕ ಅವಳು ಹರಿವಾಣವೇ ಸವೆಯುವ ಹಾಗೆ ಉಜ್ಜಿದಳು. ತುಪ್ಪ ಅವಳಿಂದ ತಪ್ಪಿಸಿಕೊಂಡು ಅಂಚಿಗೆ ಓಡಿತು. ಆಮೇಲೆ, ಯಾರೂ ಹೇಳದೆ, ಅವಳ ಕೈ ನಿಧಾನವಾಯಿತು. ಅರವತ್ತು ದಾಟಿದ ಮೇಲೆ ಗೋಡೆಯಾಚೆಯಿಂದ ನೆರೆಮನೆಯ ರತ್ತಮ್ಮ, ಬೆಳಗಾಗುತ್ತಲೇ ಏನು ಮಾಡುತ್ತಿದ್ದೀ ಎಂದು ತೆಲುಗಿನಲ್ಲಿ ಕೂಗಿ ಕೇಳಿದಳು.

“ಏಮಮ್ಮಾ, ಪೊದ್ದುನ್ನೇ ಏಂ ಚೇಸ್ತುನ್ನಾವು?”

“ನೆಯ್ಯಿ ಕಡುಗುತುನ್ನಾ” ಎಂದಳು ಅಜ್ಜಿ. ತುಪ್ಪ ತೊಳೆಯುತ್ತಿದ್ದೇನೆ ಎಂದು ಅರ್ಥ. ಬಳಿಕ ರತ್ತಮ್ಮ ಕೇಳಬೇಕಾದ್ದನ್ನೆಲ್ಲ ಕೇಳಿದಳು, ಅಜ್ಜಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅದು ಮುಗಿಯುವ ಹೊತ್ತಿಗೆ ಎಷ್ಟು ನೀರು ಹೋದವು, ನಾನು ಎಷ್ಟು ಬೀಜ ಹಾಕಿದೆ, ಒಂದಕ್ಕೊಂದು ತಾಳೆಯಾಗಲಿಲ್ಲ. ನನಗೂ ನಿದ್ದೆ ಬರುತ್ತಿತ್ತು.

“ಅರವತ್ತಾರು ಅಂತ ಇಟ್ಕೊಳ್ಳೋಣು ಅಜ್ಜಿ.”

ಅಜ್ಜಿ ನನ್ನ ಕಡೆ ನೋಡಿದಳು. ಆಮೇಲೆ ನನ್ನ ಕೈಗಳ ಕಡೆ. ಬೀಜ ತುಂಬಿದ ಬಟ್ಟಲನ್ನು ತೆಗೆದುಕೊಂಡು, ಅಷ್ಟನ್ನೂ ಮೊದಲಿನ ಬಟ್ಟಲಿಗೆ ಸುರಿದಳು.

“ನೂರು ಅಂದ್ರ ನೂರು. ಒಂದರಿಂದ ಹಾಕು.”

ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ಹರಿವಾಣದಲ್ಲಿ ಮತ್ತೆ ಆ ಮೋಡ ಕೂತಿತ್ತು. ಅತ್ತೆಯದಕ್ಕಿಂತಲೂ ಬೆಳ್ಳಗಿತ್ತೆಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಲೆಕ್ಕ ಹಿಡಿದರೆ ನೂರರವತ್ತು ನೀರು ಕುಡಿದ ತುಪ್ಪ ಅದು, ಇದ್ದರೂ ಇರಬಹುದು. ಆಮೇಲೆ ಪ್ರತಿದಿನ ಬೆಳಿಗ್ಗೆ ಅವಳು ಅದನ್ನು ನಾಲ್ಕು ನೀರಿನಲ್ಲಿ ತೀಡಿ ಹೊಸದು ಮಾಡುತ್ತಿದ್ದಳು. ಬಚ್ಚಲಿನ ನಾರು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳೇ ನನಗೆ ತಣ್ಣೀರು ಹುಯ್ದು, ಬಟ್ಟೆ ಒತ್ತಿ, ತುಪ್ಪ ಸವರುತ್ತಿದ್ದಳು. ಒಂದು ದಿನ ಬಚ್ಚಲಲ್ಲಿ ಬೆನ್ನ ಮೇಲೆ ಕೈಯಾಡಿದಾಗ ಕಣ್ಣು ಮುಚ್ಚಿಕೊಂಡಿದ್ದ ನಾನು, “ಯಾವಾಗ ಬಂದಿ ಅತ್ತಿ?” ಎಂದೆ. ತಿರುಗಿ ನೋಡಿದರೆ ಅಜ್ಜಿ.

ಪರೀಕ್ಷೆಯ ದಿನ ಪಂತುಲಮ್ಮ ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಎರಡೂ ಮೊಣಕೈ ನೋಡಿದರು. ಈ ಸಲ ಮುಟ್ಟಿ ನೋಡಿದರು. ಮೂಸಿಯೂ ನೋಡಿದರು.

“ಏನು ಹಚ್ಚೀರಿ?”

“ತುಪ್ಪ ರೀ.”

“ತುಪ್ಪದ ವಾಸನಿ ಇಲ್ಲಲ್ಲ?”

“ತೊಳದದ್ದು ರೀ. ನೂರು ಸಲ.”

ಅವರು ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಗಣಿತದಲ್ಲಿ ನೂರರ ತನಕದ ಎಣಿಕೆಗೆ ಸಂಬಂಧಿಸಿದ ಯಾವ ಪ್ರಶ್ನೆಗೂ ನಾನು ತಪ್ಪು ಬರೆದಿರಲಾರೆ.

ಮಧ್ಯಾಹ್ನ ಮನೆಗೆ ಓಡಿ ಬಂದಾಗ ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಕುರುಗೋಡಿನಿಂದ ಬಂದಿದ್ದ ಅವ್ವ ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದಳು.

“ಒಳಗ ಕೂಡ್ರಿಸಿಕೊಂಡ್ರೇನು?” ಅಜ್ಜಿ ತಿರುಗದೆ ಕೇಳಿದಳು.

“ಹೂಂ ಅಜ್ಜಿ. ಮುಂದ ಕೂಡ್ರಿಸಿದ್ರು.”

ಅವಳು ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಎಂದಿನಂತೆ ತಿರುವಿ ಹಾಕಲು ಕೈ ನೀಡಿದಳು. ಮುಟ್ಟಿದವಳೇ ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಮತ್ತೊಮ್ಮೆ ನೀಡಿದಳು, ಮತ್ತೊಮ್ಮೆ ಎಳೆದುಕೊಂಡಳು. ಅಂಗೈಯನ್ನು ಕಣ್ಣಿನ ಹತ್ತಿರ ಹಿಡಿದು, ಪಕ್ಕದ ಮನೆಯವರ ಯಾರದೋ ಕೈ ತನ್ನ ತೋಳಿಗೆ ಬಂದು ಸೇರಿದೆಯೆಂಬಂತೆ ನೋಡಿದಳು. ಐವತ್ತು ವರ್ಷ ಅಂಗೈಗೆ ಕಟ್ಟಿದ್ದ ಜಡ್ಡುಗಳು ಹತ್ತು ದಿನದಲ್ಲಿ ನೀರಾಗಿ ಬಸಿದುಹೋಗಿದ್ದವು. ರೊಟ್ಟಿ ಹಂಚಿನ ಮೇಲೆ ಕಪ್ಪಾಗುತ್ತಿತ್ತು. ನಾನು ಗೂಡಿನಿಂದ ಪರಾತ ತಂದು, ಅವಳ ಬೆರಳುಗಳ ತುದಿಗೆ ತುಪ್ಪ ಸವರಿದೆ. ತಿಕ್ಕಲಿಲ್ಲ. ಅವಳು ಕೈ ಎಳೆದುಕೊಳ್ಳಲಿಲ್ಲ. ಒಲೆಯ ಮುಂದಿನಿಂದ ಒಂದು ಮಣೆಯಷ್ಟು ಪಕ್ಕಕ್ಕೆ ಸರಿದಳು. ಅವ್ವನ ಹೆಸರನ್ನು ಅವಳ ಬಾಯಲ್ಲಿ ನಾನು ಮೊದಲ ಸಲ ಕೇಳಿದ್ದು ಆಗ.

“ಗಂಗಮ್ಮ, ರೊಟ್ಟಿ ನೀನ ತಿರುವಿ ಹಾಕವ್ವ. ನನಗ ಸುಡತೈತಿ.”